ಭಾನುವಾರದ ಸುದ್ದಿ ನಿಂತಾಗ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ದಂಪತಿಯ ಒಪ್ಪಿಗೆ ಪಡೆದು, ಅವರ ಗುರುತು ಸಿಗದಂತೆ ಊರು, ಉದ್ಯೋಗ, ವಯಸ್ಸುಗಳನ್ನು ಬದಲಿಸಿ ಬರೆದಿದ್ದೇನೆ. ಆ ಮಳೆಗಾಲದ ಎರಡು ದಿನಾಂಕಗಳನ್ನು ಮಾತ್ರ ಇದ್ದಂತೆಯೇ ಉಳಿಸಿಕೊಂಡಿದ್ದೇನೆ. ಅವು ಇಡೀ ಉತ್ತರ ಕನ್ನಡ ಜಿಲ್ಲೆಗೆ ಸೇರಿದವು.

2024ರ ಆಗಸ್ಟ್ ತಿಂಗಳ ಮಧ್ಯದಲ್ಲಿ ಒಬ್ಬ ಯುವಕ ಶಿರಸಿಯಲ್ಲಿರುವ ನನ್ನ ಕೊಠಡಿಗೆ ಒಬ್ಬನೇ ಬಂದ. ಕಾರವಾರದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದು, ಕಾಳಿ ನದಿಯ ಆಚೆ ಸದಾಶಿವಗಡದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದ. ಹೆಂಡತಿ ಎರಡನೆಯ ಹೆರಿಗೆಗೆಂದು ಶಿರಸಿ ಸಮೀಪದ ತವರಿಗೆ ಬಂದು, ಜೂನ್ ಮೊದಲ ವಾರದಲ್ಲಿ ಗಂಡು ಮಗುವಾಗಿ ಅಲ್ಲಿಯೇ ಬಾಣಂತನದಲ್ಲಿದ್ದಳು. ನಾಲ್ಕು ವರ್ಷದ ಮಗಳೂ ತಾಯಿಯ ಜೊತೆಗಿದ್ದಳು. ಆತ ಹೇಳಿಕೊಂಡ ತೊಂದರೆ ಕೇಳಲು ಸಣ್ಣದು. ಮದುವೆಯಾದಾಗಿನಿಂದ ಆಕೆ ಪ್ರತಿ ಭಾನುವಾರ ಎರಡೂ ಕಡೆಯ ಬಂಧುಗಳಿರುವ ವಾಟ್ಸಾಪ್ ಗುಂಪಿಗೆ ಆ ವಾರದ ಮನೆಯ ಸುದ್ದಿಯನ್ನು ನಾಲ್ಕೈದು ಸಾಲಿನಲ್ಲಿ ಬರೆದು, ಒಂದೆರಡು ಚಿತ್ರ ಸೇರಿಸಿ ಕಳಿಸುತ್ತಿದ್ದಳು. ಹುಬ್ಬಳ್ಳಿಯ ಮನೆ ಖಾಲಿ ಮಾಡಿದ್ದು, ಕಾರವಾರದ ಕಡಲ ದಂಡೆಯಲ್ಲಿ ಮಗಳು ಚಿಪ್ಪು ಆರಿಸಿದ್ದು, ಹೆರಿಗೆ, ಹೆಸರಿಡುವ ಶಾಸ್ತ್ರ, ಎಲ್ಲವೂ ಹೀಗೆಯೇ ಬಂಧುಗಳಿಗೆ ತಲುಪಿತ್ತು. ಜುಲೈ ಮಧ್ಯದಿಂದ ಅದು ನಿಂತುಹೋಗಿತ್ತು. “ಎಲ್ಲರೂ ನನ್ನನ್ನು ಕೇಳುತ್ತಾರೆ, ಅವಳನ್ನು ಕೇಳಿದರೆ ಬರೆಯಲು ಏನೂ ಇಲ್ಲ ಎನ್ನುತ್ತಾಳೆ. ಕೋಪವಿರಬೇಕು, ನಮ್ಮಿಬ್ಬರಿಗೂ ಸಲಹೆ ಕೊಡಿ” ಎಂದು ಆತ ಕೇಳಿದ.

ಮೊದಲ ಅರ್ಧ ಗಂಟೆ ನಾನೂ ಇದನ್ನು ಗಂಡ ಹೆಂಡಿರ ಮನಸ್ತಾಪವೆಂದೇ ಎಣಿಸಿದ್ದೆ. ಆತನ ಮೊಬೈಲಿನಲ್ಲಿದ್ದ ಹಳೆಯ ಭಾನುವಾರಗಳನ್ನು ಒಂದೊಂದಾಗಿ ಓದಿಸಿಕೊಂಡ ಮೇಲೆ ಆ ಎಣಿಕೆ ಸಡಿಲವಾಯಿತು. ಏಪ್ರಿಲ್‌ನಿಂದ ಜುಲೈವರೆಗಿನ ಆ ಬರಹಗಳಲ್ಲಿ ಒಂದೇ ಒಂದು ಆಯಾಸದ ಮಾತಿರಲಿಲ್ಲ. ಆಕೆ ಹುಬ್ಬಳ್ಳಿಯ ಶಾಲೆಯೊಂದರಲ್ಲಿ ಆರು ವರ್ಷ ಗಣಿತ ಕಲಿಸಿದ್ದ ಕೆಲಸವನ್ನು ಬಿಟ್ಟು ಬಂದಿದ್ದಳು ಎಂಬುದು ಕೂಡ ಅದರಲ್ಲಿರಲಿಲ್ಲ. ನಾಲ್ಕು ತಿಂಗಳಲ್ಲಿ ಊರು, ಮನೆ, ಉದ್ಯೋಗ, ಮಗಳ ಶಾಲೆ ಬದಲಾಗಿ, ಹೊಸ ಮಗುವೂ ಬಂದ ಹೆಣ್ಣುಮಗಳೊಬ್ಬಳು ವಾರ ತಪ್ಪದೆ “ನಾವೆಲ್ಲ ಆರಾಮ” ಎಂದು ಬರೆದು ಒಂದು ದಿನ ಬರವಣಿಗೆಯನ್ನೇ ನಿಲ್ಲಿಸಿದರೆ, ಮೊದಲು ಕೇಳಬೇಕಾದದ್ದು ಆಕೆಯ ಆರೋಗ್ಯವನ್ನು. ಅದನ್ನು ಆತನಿಗೆ ಹೇಳಿ, ಮರುದಿನವೇ ತವರು ಮನೆಗೆ ಹೋದೆ.

ಅದು ತೋಟದ ನಡುವಿನ ದೊಡ್ಡ ಮನೆ. ಅಡಿಕೆಯ ಕೊಳೆ ರೋಗದ ಹೆದರಿಕೆಯಿಂದ ಬೋರ್ಡೋ ದ್ರಾವಣವೆಂಬ ಔಷಧಿಯನ್ನು ಎರಡನೆಯ ಸಲ ಹೊಡೆಸಲು ಮಳೆ ಬಿಡುವ ಹೊತ್ತಿಗಾಗಿ ಗಂಡಸರು ಕಾಯುತ್ತಿದ್ದರು. ಆಳುಗಳ ಊಟ, ಬಾಣಂತಿಯ ಎಣ್ಣೆನೀರು, ಮಗುವಿನ ಬಟ್ಟೆಗೆ ಹೊಗೆ ಹಾಕಿ ಒಣಗಿಸುವುದು, ಎಲ್ಲವೂ ಆಕೆಯ ತಾಯಿಯೊಬ್ಬರ ಮೇಲೆಯೇ ಬಿದ್ದಿತ್ತು. ಬಾಣಂತನದಲ್ಲಿ ಯಾವ ಕೊರತೆಯೂ ಇರಲಿಲ್ಲವೆಂದು ಒತ್ತಿ ಹೇಳುತ್ತೇನೆ, ಏಕೆಂದರೆ ಇಂಥ ಪ್ರಕರಣಗಳಲ್ಲಿ ತವರನ್ನೋ ಅತ್ತೆಮನೆಯನ್ನೋ ದೂರುವ ಅಭ್ಯಾಸ ನಮ್ಮಲ್ಲಿದೆ. ಆಕೆ ಕಿವಿಗೆ ಬಟ್ಟೆ ಕಟ್ಟಿಕೊಂಡು ಕತ್ತಲೆ ಕೋಣೆಯಲ್ಲಿ ಕುಳಿತಿದ್ದಳು. ಬಾಣಂತಿ ಅಳಬಾರದು, ಕಣ್ಣಿಗೆ ಕೆಡುಕು ಎಂದು ಹಿರಿಯರು ಹೇಳಿದ್ದರಿಂದ ರಾತ್ರಿ ಮಗುವಿಗೆ ಹಾಲು ಕೊಡುವಾಗ ಮಾತ್ರ ಅಳುತ್ತೇನೆಂದು ಬಹಳ ತಡವಾಗಿ ಹೇಳಿದಳು. ಮಗು ಮಲಗಿದರೂ ಆಕೆಗೆ ನಿದ್ರೆ ಬರುತ್ತಿರಲಿಲ್ಲ. ಮಗುವನ್ನು ಎತ್ತಿಕೊಂಡರೆ ಪ್ರೀತಿ ಉಕ್ಕುವುದಿಲ್ಲ, ಇದನ್ನು ಯಾರಿಗೆ ಹೇಳಲಿ ಎಂದು ಕೇಳಿದಳು.

ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು, ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು. ಆ ವಾರ ಬರುತ್ತೇನೆಂದಿದ್ದ ಗಂಡ ಬರಲಿಲ್ಲ. ಯಲ್ಲಾಪುರದ ಮೇಲಿನ ಸುತ್ತುದಾರಿಯಲ್ಲಿ ಬರಬಹುದಿತ್ತಲ್ಲ ಎಂದು ಕೇಳಿದಾಗ “ರಜೆ ಸಿಗಲಿಲ್ಲ” ಎಂದ. ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಬೆಳಗಿನ ಜಾವ ದೂರದ ಚಿಕ್ಕಮ್ಮನೊಬ್ಬಳು ಕರೆ ಮಾಡಿ “ಸದಾಶಿವಗಡದ ಸೇತುವೆ ಬಿದ್ದಿದೆಯಂತೆ, ಅವನು ಸರಿಯಾಗಿದ್ದಾನೆಯೇ” ಎಂದು ಕೇಳಿದಾಗಲೇ ಆಕೆಗೆ ವಿಷಯ ತಿಳಿದದ್ದು. ಗಂಡನ ಫೋನು ಎರಡು ಗಂಟೆ ಸಿಗಲಿಲ್ಲ. ಸಿಕ್ಕಾಗ ಆತ “ನೀನು ಗಾಬರಿಯಾಗುತ್ತೀಯ ಎಂದು ಹೇಳಲಿಲ್ಲ” ಎಂದ. ಆ ಎರಡು ಗಂಟೆಯನ್ನು ಆಕೆ ನನಗೆ ನಿಮಿಷ ನಿಮಿಷವಾಗಿ ವಿವರಿಸಿದಳು, ಎದುರಿನ ಗೋಡೆಯ ಗಡಿಯಾರವನ್ನು ತೋರಿಸುತ್ತ.

ಹೆರಿಗೆಯಾದ ಮೂರರಿಂದ ಐದನೆಯ ದಿನದ ಹೊತ್ತಿಗೆ ಬರುವ ಅಳು, ಸಿಡುಕು ಹೆಚ್ಚಿನ ತಾಯಂದಿರಲ್ಲಿ ಕಾಣುವಂಥದು, ಎರಡು ವಾರದೊಳಗೆ ತಾನಾಗಿಯೇ ಇಳಿಯುತ್ತದೆ. ಅದನ್ನು ಮೀರಿ ಉಳಿಯುವ ಕುಗ್ಗುವಿಕೆ ಪ್ರಸವೋತ್ತರ ಖಿನ್ನತೆಯಾಗಿರಬಹುದು. ಭಾರತದ 38 ಅಧ್ಯಯನಗಳನ್ನು ಒಟ್ಟು ಸೇರಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ಇದರ ಪ್ರಮಾಣವನ್ನು ಶೇ. 22ರಷ್ಟೆಂದು ಅಂದಾಜಿಸಿದೆ, ಅಂದರೆ ಐವರು ಬಾಣಂತಿಯರಲ್ಲಿ ಸುಮಾರು ಒಬ್ಬರು. ಇದರ ಲಕ್ಷಣಗಳನ್ನು ಗುರುತಿಸಲು 1987ರಲ್ಲಿ ಸಿದ್ಧವಾದ ಎಡಿನ್‌ಬರೋ ಮಾಪಕವೆಂಬ ಪ್ರಶ್ನಾವಳಿಯ ಕನ್ನಡ ರೂಪವನ್ನು ನಾನು ಬಳಸಿದೆ. ಹಿಂದಿನ ಏಳು ದಿನಗಳ ಕುರಿತ ಹತ್ತು ಪ್ರಶ್ನೆಗಳು, ಒಟ್ಟು 30 ಅಂಕ; ಅಂಕ ಹೆಚ್ಚಿದಷ್ಟೂ ಖಿನ್ನತೆಯ ಸಾಧ್ಯತೆ ಹೆಚ್ಚು. ಆಕೆಯ ಅಂಕ 17 ಬಂತು. ಈ ಮಾಪಕ ರೋಗವನ್ನು ನಿರ್ಣಯಿಸುವುದಿಲ್ಲ, ವೈದ್ಯರ ಬಳಿಗೆ ಕಳಿಸಬೇಕೇ ಎಂಬುದನ್ನಷ್ಟೇ ತಿಳಿಸುತ್ತದೆ. ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತದ್ದು. ಅದಕ್ಕೆ ಆಕೆ “ಅಪರೂಪಕ್ಕೆ” ಎಂದು ಗುರುತು ಹಾಕಿದ್ದಳು. ಆ ಪ್ರಶ್ನೆಯನ್ನು ನಾನು ಮತ್ತೆ ಬಾಯಿಬಿಟ್ಟು ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆಂಬ ಭಯ ಅನೇಕರಲ್ಲಿದೆ, ಅದು ಸರಿಯಲ್ಲ. ಬೆಳಗಾಗದಿದ್ದರೆ ಚೆನ್ನ ಎಂದು ಎರಡು ಬಾರಿ ಅನಿಸಿದ್ದುಂಟು, ಹೆಚ್ಚಿನದೇನೂ ಇಲ್ಲ ಎಂದಳು. ಆಕೆಯ ಅನುಮತಿ ಪಡೆದು ಅದನ್ನು ತಾಯಿಗೂ ಗಂಡನಿಗೂ ತಿಳಿಸಿದೆ, ಹಗಲಿರುಳು ದೊರೆಯುವ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ನ್ನು ಮೂವರ ಫೋನಿನಲ್ಲಿಯೂ ಬರೆಸಿದೆ. ಮಗು ಮಲಗಿದ್ದರೂ ಹಲವು ರಾತ್ರಿ ನಿದ್ರೆಯೇ ಇಲ್ಲದಿರುವುದು, ಇಲ್ಲದ ದನಿ ಕೇಳಿಸುವುದು, ಮಗುವಿನ ಬಗ್ಗೆ ವಿಪರೀತದ ನಂಬಿಕೆ ಮೂಡುವುದು ಕಂಡರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ತಾಯಿಗೆ ಪ್ರತ್ಯೇಕವಾಗಿ ಹೇಳಿದೆ.

ಅದೇ ವಾರ ಮನೋವೈದ್ಯರು ಆಕೆಯನ್ನು ನೋಡಿದರು, ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ರಕ್ತಹೀನತೆಯೂ ಥೈರಾಯ್ಡಿನ ಏರುಪೇರೂ ಇದೇ ಬಗೆಯ ಸುಸ್ತು, ಬೇಸರವನ್ನು ತರಬಲ್ಲವು. ಹಿಮೋಗ್ಲೋಬಿನ್ ಕಡಿಮೆಯಿತ್ತು, ಅದಕ್ಕೆ ಕಬ್ಬಿಣಾಂಶದ ಮಾತ್ರೆ ಬಂತು. ಖಿನ್ನತೆಗೂ ಔಷಧಿ ಆರಂಭವಾಯಿತು. ಹಾಲುಣಿಸುವ ತಾಯಿಗೆ ಮಾತ್ರೆಯೇ ಎಂದು ಮನೆಯಲ್ಲಿ ತಕರಾರೆದ್ದಿತು. ಎದೆಹಾಲಿಗೆ ಅತ್ಯಲ್ಪವಾಗಿ ಮಾತ್ರ ಸೇರುವ ಔಷಧಿಗಳಿವೆ, ಯಾರಿಗೆ ಯಾವುದೆಂದು ವೈದ್ಯರು ತೂಗಿ ನೋಡಿಯೇ ಕೊಡುತ್ತಾರೆ ಎಂದು ಆಕೆಯ ತಂದೆಗೆ ಎರಡು ಸಲ ವಿವರಿಸಬೇಕಾಯಿತು. ನಿದ್ರೆಯ ವಿಷಯದಲ್ಲಿ ನಾನು ಹಟ ಹಿಡಿದೆ. ರಾತ್ರಿ ಒಂಬತ್ತಕ್ಕೆ ಹಾಲು ಕೊಟ್ಟ ಮೇಲೆ ಮಗುವನ್ನು ಅಜ್ಜಿಯ ಮಗ್ಗುಲಿಗೆ ಕೊಟ್ಟು, ನಡುವೆ ಹಿಂಡಿಟ್ಟ ಹಾಲನ್ನು ಒಮ್ಮೆ ಕುಡಿಸಿ, ಆಕೆಗೆ ನಾಲ್ಕೈದು ಗಂಟೆ ಒಂದೇ ಸಮನೆ ನಿದ್ರೆ ಸಿಗುವಂತೆ ನೋಡಿಕೊಳ್ಳಬೇಕು, ಅಜ್ಜಿಗೆ ಹಗಲಿನಲ್ಲಿ ವಿಶ್ರಾಂತಿ ಸಿಗುವಂತೆ ಆಳುಗಳ ಅಡುಗೆಗೆ ಬೇರೊಬ್ಬರನ್ನು ಕರೆಯಬೇಕು ಎಂದೆ. ಸೊಸೆಯ ಕಷ್ಟ ಕೇಳಿದ ಆಕೆಯ ಅತ್ತೆ ಹತ್ತು ದಿನದ ಮಟ್ಟಿಗೆ ಶಿರಸಿಗೇ ಬಂದು ನಿಂತರು. ಈ ಪ್ರಕರಣದಲ್ಲಿ ನನಗೆ ಅತ್ಯಂತ ನೆಮ್ಮದಿ ತಂದ ಸಂಗತಿ ಇದು.

ಮೂರನೆಯ ಭೇಟಿಗೆ ಗಂಡನೂ ಬಂದ, ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ. “ಗುಂಪಿಗೆ ಬರೆಯದೆ ಬಿಟ್ಟ ಸುದ್ದಿ ಯಾವುದು?” ಎಂದು ಇಬ್ಬರನ್ನೂ ಕೇಳಿದೆ. ಬಹಳ ಹೊತ್ತಿನ ಮೌನದ ನಂತರ ಆತನೇ ಮೊದಲು ಬಾಯಿಬಿಟ್ಟ. ಜುಲೈನಲ್ಲಿ ಕಾಯಂ ಆಗಬೇಕಿದ್ದ ಕೆಲಸವನ್ನು ಇನ್ನಾರು ತಿಂಗಳು ಪರೀಕ್ಷಾರ್ಥ ಅವಧಿಗೆ ಮುಂದೂಡಿದ್ದರು. ರಜೆ ಸಿಗಲಿಲ್ಲವೆಂದದ್ದು ಪೂರ್ತಿ ನಿಜವಲ್ಲ, ಕೇಳುವ ಧೈರ್ಯವೇ ಆತನಿಗಿರಲಿಲ್ಲ. ಗುಡ್ಡ ಕುಸಿದ ಮೇಲೆ ಘಟ್ಟದ ದಾರಿಯ ಭಯವೂ ಹತ್ತಿತ್ತು. ಆಕೆ ಅದನ್ನು ಕೇಳಿ ಸಿಟ್ಟಾಗಲಿಲ್ಲ. “ನಾನು ನಿಮಗೆ ಭಾರವಾಗಿದ್ದೇನೆ, ಅದಕ್ಕೇ ಬರುತ್ತಿಲ್ಲ ಎಂದುಕೊಂಡಿದ್ದೆ” ಎಂದಳು. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಲೆಂದೇ ಸುದ್ದಿ ಮುಚ್ಚಿಟ್ಟಿದ್ದರು. ಹೀಗೆ ಮುಚ್ಚಿಟ್ಟ ಜಾಗವನ್ನು ಇನ್ನೊಬ್ಬರ ಮನಸ್ಸು ಖಾಲಿ ಬಿಡುವುದಿಲ್ಲ, ಇರುವುದಕ್ಕಿಂತ ಕೆಟ್ಟದ್ದನ್ನು ಅಲ್ಲಿ ತುಂಬಿಕೊಳ್ಳುತ್ತದೆ.

ಬಂಧುಗಳಿಗೆ ಸುದ್ದಿ ತಿಳಿಸುವುದೇ ತಪ್ಪು, ಗುಂಪು ಬಿಟ್ಟು ಹೊರಬನ್ನಿ ಎಂದು ನಾನು ಹೇಳಲಿಲ್ಲ. ಚದುರಿಹೋದ ಕುಟುಂಬಗಳಿಗೆ ಆ ನಾಲ್ಕು ಸಾಲಿನ ಬೆಲೆ ಏನೆಂದು ಘಟ್ಟದ ಮೇಲಿನ ಒಂಟಿ ಮನೆಗಳ ವೃದ್ಧರನ್ನು ಕೇಳಿದರೆ ತಿಳಿಯುತ್ತದೆ. ನಮ್ಮ ಮನೆಗಳಲ್ಲಿ ಅಂಗಳಕ್ಕೆ ಬಂದವರೊಡನೆ ಆಡುವ ಮಾತು ಬೇರೆ, ಜಗುಲಿಯ ಮೇಲೆ ಕುಳಿತವರೊಡನೆ ಬೇರೆ, ಅಡುಗೆಮನೆಯವರೆಗೆ ಬರುವವರೊಡನೆ ಬೇರೆ. ಫೋನು ಈ ಮೂರನ್ನೂ ಒಂದೇ ಮಾಡಿಬಿಟ್ಟಿದೆ. ಈ ಸುದ್ದಿ ಎಲ್ಲಿಯವರೆಗೆ ಎಂದು ಇಬ್ಬರೂ ಕೂಡಿ ನಿರ್ಧರಿಸಿ ಎಂದೆ. ಅವರು ಅಲ್ಲಿಯೇ ಕುಳಿತು ಹಂಚಿಕೆ ಮಾಡಿದರು: ಖಿನ್ನತೆಯ ಚಿಕಿತ್ಸೆ ಮತ್ತು ಕೆಲಸದ ಅನಿಶ್ಚಿತತೆ ಅಡುಗೆಮನೆಯ ಸುದ್ದಿ, ಅಂದರೆ ಇಬ್ಬರ ತಾಯಿ ತಂದೆ ಮತ್ತು ಆಕೆಯ ಅಕ್ಕನಿಗೆ ಮಾತ್ರ, ಆಕೆ ಶಾಲೆಯ ಕೆಲಸ ಬಿಟ್ಟದ್ದು ಜಗುಲಿಗೆ, ಮಕ್ಕಳ ಆಟಪಾಟ ಅಂಗಳಕ್ಕೆ. ಇದಕ್ಕೆಲ್ಲ ಮೊದಲು, ಪ್ರತಿ ರಾತ್ರಿ ಎಂಟಕ್ಕೆ ಹದಿನೈದು ನಿಮಿಷ ಒಬ್ಬರಿಗೊಬ್ಬರು ಕರೆ ಮಾಡಿ, ಆ ದಿನ ಕೈಲಾಗದೆ ಹೋದ ಒಂದು ಸಂಗತಿಯನ್ನು ತಪ್ಪದೆ ಹೇಳಿಕೊಳ್ಳಬೇಕು. ಮಳೆಗೆ ಫೋನು ಸಿಗದ ದಿನ ಸಿಕ್ಕಾಗ ಓದುವಂತೆ ಒಂದು ಸಾಲು ಬರೆದಿಡಬೇಕು. ರಸ್ತೆ, ಸೇತುವೆಯಂಥ ದುರ್ಘಟನೆಯಾದರೆ ಟಿವಿಯವರಿಗಿಂತ ಮೊದಲು “ನಾನು ಸುರಕ್ಷಿತ” ಎಂಬ ಎರಡು ಶಬ್ದ ಹೆಂಡತಿಗೆ ಹೋಗಬೇಕು, ಎಷ್ಟೇ ಅಪರಾತ್ರಿಯಾದರೂ. ಇದೊಂದನ್ನು ನಾನು ಸಲಹೆಯಾಗಿ ಹೇಳದೆ ನಿಯಮವಾಗಿಯೇ ಹೇಳಿದೆ.

ಗುಂಪಿನವರಿಗೆ ಏನು ಬರೆಯಲಿ ಎಂಬ ಆಕೆಯ ಪ್ರಶ್ನೆಗೆ ಗಂಡನೇ ಬರೆಯಲಿ ಎಂದೆ. ಆತ ಬರೆದದ್ದು ಹೀಗಿತ್ತು: “ಬಾಣಂತಿಗೆ ವಿಶ್ರಾಂತಿ ಬೇಕೆಂದು ವೈದ್ಯರು ಹೇಳಿದ್ದಾರೆ. ಭಾನುವಾರದ ಸುದ್ದಿ ಕೆಲವು ವಾರ ಇರುವುದಿಲ್ಲ. ಏನಾದರೂ ಕೇಳುವುದಿದ್ದರೆ ನನಗೆ ಕರೆ ಮಾಡಿ.” ಅದಕ್ಕೆ ಇಬ್ಬರು ಅತ್ತೆಯಂದಿರು ಬೇಸರಿಸಿಕೊಂಡರು, ಉಳಿದವರು ಆಗಲಿ ಎಂದರು.

ಮಗಳ ವಿಷಯ ಕೊನೆಯಲ್ಲಿ ಬಂತು, ಬರಬೇಕಾದದ್ದು ಮೊದಲೇ. ಹಾಸಿಗೆ ಒದ್ದೆ ಮಾಡುವುದನ್ನು ಎಂದೋ ಬಿಟ್ಟಿದ್ದ ಹುಡುಗಿ ಮತ್ತೆ ಶುರು ಮಾಡಿದ್ದಳು, ಅಜ್ಜಿಯೆದುರು ಎಳೆ ಮಗುವಿನಂತೆ ತೊದಲುತ್ತಿದ್ದಳು. ತಮ್ಮನೋ ತಂಗಿಯೋ ಬಂದಾಗ ಈ ಪ್ರಾಯದ ಮಕ್ಕಳು ಹೀಗೆ ಹಿಂದಕ್ಕೆ ಹೋಗುವುದುಂಟು, ಗದರಿಸಬಾರದು. ಆದರೆ ಅವಳ ಪ್ರಶ್ನೆ ಬೇರೆಯಾಗಿತ್ತು. “ಕಾರವಾರದ ಮನೆ ಬಿದ್ದಿದೆಯಾ?” ಎಂದು ನನ್ನನ್ನು ಕೇಳಿದಳು. ಸೇತುವೆ ಬಿದ್ದ ಮಾತು ಅವಳ ಕಿವಿಗೂ ಬಿದ್ದಿತ್ತು, ಅವಳಿಗೆ ಮಾತ್ರ ಯಾರೂ ಸುದ್ದಿ ಹೇಳಿರಲಿಲ್ಲ. ಅಪ್ಪ ಅಂದು ಸಂಜೆ ವಿಡಿಯೊ ಕರೆಯಲ್ಲಿ ಮನೆಯ ಬಾಗಿಲು, ಅವಳ ಮಂಚ, ಕಿಟಕಿಯಲ್ಲಿಟ್ಟ ಚಿಪ್ಪುಗಳನ್ನು ತೋರಿಸಿದ. ಕಾರವಾರಕ್ಕೆ ಹೊರಡುವ ದಿನಕ್ಕೆ ಕ್ಯಾಲೆಂಡರಿನಲ್ಲಿ ಚಿಪ್ಪಿನ ಚಿತ್ರ ಬರೆದು, ದಿನವೂ ಒಂದೊಂದು ಚೌಕವನ್ನು ಅವಳೇ ಬಣ್ಣದಿಂದ ತುಂಬುವಂತೆ ಮಾಡಿದೆವು.

ಹೊರಡುವ ದಿನದ ಬಗ್ಗೆ ಚರ್ಚೆಯಾಯಿತು. ನವರಾತ್ರಿ ಕಳೆಯಲಿ ಎಂದು ತವರಿನವರು, ಈಗಲೇ ಎಂದು ಆತ. ಚೌತಿ ಆ ವರ್ಷ ಸೆಪ್ಟೆಂಬರ್ 7ಕ್ಕೆ ಬಿದ್ದಿತ್ತು. ಹಬ್ಬ ಮುಗಿದು ಔಷಧಿಯ ಪರಿಣಾಮ ಸ್ವಲ್ಪ ಕಂಡ ಮೇಲೆ, ಅತ್ತೆಯೂ ಜೊತೆಗೆ ಹೋಗುವುದಾದರೆ ಮಾತ್ರ ಹೊರಡುವುದೆಂದು ಆಕೆಯೇ ತೀರ್ಮಾನ ಹೇಳಿದಳು, ಬಹಳ ವಾರಗಳ ನಂತರ ಗಟ್ಟಿ ದನಿಯಲ್ಲಿ. ಸೆಪ್ಟೆಂಬರ್ ಕೊನೆಯಲ್ಲಿ ಅವರು ಕಾರವಾರ ಸೇರಿದರು. ನವೆಂಬರಿನ ಭೇಟಿಯಲ್ಲಿ ಮಾಪಕದ ಅಂಕ 7 ಇತ್ತು, ಹತ್ತನೆಯ ಪ್ರಶ್ನೆಗೆ “ಎಂದೂ ಇಲ್ಲ” ಎಂಬ ಉತ್ತರವಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆರಾಮಾಯಿತೆಂದು ಮಾತ್ರೆಯನ್ನು ತಾನಾಗಿ ನಿಲ್ಲಿಸಬಾರದು, ಗುಣವಾದ ಮೇಲೂ ಅದನ್ನು ಕೆಲವು ತಿಂಗಳು ಮುಂದುವರಿಸುವುದು ವಾಡಿಕೆ, ಇಳಿಸುವುದಾದರೆ ವೈದ್ಯರೇ ಹಂತಹಂತವಾಗಿ ಇಳಿಸಬೇಕು ಎಂದು ಮತ್ತೊಮ್ಮೆ ಹೇಳಿದೆ. ಭಾನುವಾರದ ಸುದ್ದಿಯನ್ನು ಆಕೆ ಮತ್ತೆ ಬರೆಯುತ್ತಿದ್ದಾಳೆ, ವಾರ ವಾರ ಅಲ್ಲ. ಕಳೆದ ಸಲದ್ದನ್ನು ನನಗೆ ಓದಿ ತೋರಿಸಿದಳು: “ಮಗು ಮಗುಚಿ ಬೀಳುತ್ತಾನೆ. ಮಗಳು ಶಾಲೆಗೆ ಹೋಗಲು ಅಳುತ್ತಾಳೆ. ಈ ವಾರ ನನಗೆ ಸುಸ್ತು ಜಾಸ್ತಿ. ಅತ್ತೆ ಇದ್ದಾರೆ.”