‘ಆನ್’, ‘ಅಬವ್’ ಗೊಂದಲಕ್ಕೆ

ಟೇಬಲ್ ಮೇಲೆ ತೂಗುವ ಲೈಟಿಗೂ ಮಗಳು ‘ಆನ್ ದ ಟೇಬಲ್’ ಅಂತಾಳೆ ಅಂದಿರಲ್ಲ, ಅದಕ್ಕೆ ಕಾರಣ ಬಹುಶಃ ನಮ್ಮ ‘ಮೇಲೆ’. ಕನ್ನಡದಲ್ಲಿ ತಾಗಿದ್ದರೂ ಮೇಲೆ, ತಾಗದಿದ್ದರೂ ಮೇಲೆ. ಇಂಗ್ಲಿಷಿನಲ್ಲಿ ತಾಗಿದ್ದರೆ ಆನ್, ನಡುವೆ ಜಾಗ ಇದ್ದರೆ ಅಬವ್.

ಅರ್ಥ ವಿವರಿಸೋದು ಸದ್ಯಕ್ಕೆ ಬಿಡಿ. ಒಂದು ಡಬ್ಬಿ, ಒಂದು ಚಮಚ ಸಾಕು. ಚಮಚವನ್ನು ಮುಚ್ಚಳದ ಮೇಲೆ ಟಣ್ ಅಂತ ಇಟ್ಟು ‘ಆನ್ ದ ಬಾಕ್ಸ್’ ಅನ್ನಿ. ಒಂದು ಗೇಣು ಎತ್ತಿ ಹಿಡಿದು ‘ಅಬವ್ ದ ಬಾಕ್ಸ್’. ಎರಡು ದಿನ ಇಷ್ಟೇ. ಆಮೇಲೆ ಅವಳು ಹೇಳಲಿ, ನೀವು ಇಡಿ. ಬೇಕಂತಲೇ ತಪ್ಪಾಗಿ ಇಡಿ, ತಿದ್ದೋಕೆ ಮಕ್ಕಳಿಗೆ ಭಾರೀ ಖುಷಿ.

ಲೈಟಿನ ಉದಾಹರಣೆ ಮಾತ್ರ ಬೇಡ. ‘ಲೈಟ್ ಆನ್’ ಅಂದರೆ ಉರೀತಿದೆ ಅಂತಲೂ ಆಗುತ್ತೆ, ಅಲ್ವಾ? ಅವಳ ವಯಸ್ಸು ಬರೆದಿಲ್ಲ. ತೀರಾ ಚಿಕ್ಕವಳಾದರೆ ಮೊದಲು ‘ಆನ್’ ಒಂದೇ ಸಾಕು.