65 ಸಾವಿರದ ಲ್ಯಾಪ್‌ಟಾಪ್‌ನಲ್ಲಿ ಓದೂ ಆಗಬೇಕು, ಗೇಮೂ ಓಡಬೇಕು

ಪ್ರಶ್ನೆ: ಸರ್, ಮಗನಿಗೆ ಸಿಇಟಿಯಲ್ಲಿ ಕಲಬುರಗಿಯ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಸೀಟು ಸಿಕ್ಕಿದೆ. ಹಾಸ್ಟೆಲ್‌ನಲ್ಲಿ ಇರುತ್ತಾನೆ. ಈಗ ಲ್ಯಾಪ್‌ಟಾಪ್ ಬೇಕಂತೆ, ಅದೂ ಗೇಮಿಂಗ್ ಲ್ಯಾಪ್‌ಟಾಪೇ ಆಗಬೇಕಂತೆ. 'ಮೆಕ್ಯಾನಿಕಲ್‌ಗೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು ಅಪ್ಪ' ಅಂತಾನೆ. ಓದಿಗೆ ಹೇಳುತ್ತಿದ್ದಾನೋ ಆಟಕ್ಕೆ ಹೇಳುತ್ತಿದ್ದಾನೋ ನನಗೆ ತಿಳಿಯುತ್ತಿಲ್ಲ. 65,000 ರೂಪಾಯಿ ತೆಗೆದಿಟ್ಟಿದ್ದೇನೆ. ತೀರಾ ಬೇಕಾದರೆ ಇನ್ನೊಂದು ಐದು ಸಾವಿರ ಹಾಕಬಹುದು. ನಾಲ್ಕು ವರ್ಷ ಬಾಳಿಕೆ ಬರಬೇಕು. ಯಾವುದು ತಗೊಳ್ಳಲಿ?
— ಒಬ್ಬ ತಂದೆ, ಕೊಪ್ಪಳ

ಉತ್ತರ: ಎರಡಕ್ಕೂ ಹೇಳುತ್ತಿದ್ದಾನೆ. ಆದರೆ ಸುಳ್ಳನ್ನಂತೂ ಹೇಳುತ್ತಿಲ್ಲ. ಕಂಪ್ಯೂಟರ್ ಸೈನ್ಸ್ ಹುಡುಗ ಇದೇ ಮಾತು ಹೇಳಿದ್ದರೆ ನಾನು ನಿಮ್ಮ ಪರ ನಿಲ್ಲುತ್ತಿದ್ದೆ. ಕೋಡ್ ಬರೆಯೋಕೆ ಗ್ರಾಫಿಕ್ಸ್ ಕಾರ್ಡ್ (ಪರದೆಯ ಚಿತ್ರಗಳ ಲೆಕ್ಕ ಮಾಡುವ ಬೇರೆಯದೇ ಚಿಪ್) ಬೇಡ. ಮಷೀನ್ ಲರ್ನಿಂಗ್ ಕಲಿಯುವವರಿಗೂ ಗೂಗಲ್ ಕೋಲ್ಯಾಬ್‌ನಂಥ ಆನ್‌ಲೈನ್ ತಾಣಗಳಲ್ಲಿ ಅದು ಪುಕ್ಕಟೆ ಸಿಗುತ್ತದೆ. ಮೆಕ್ಯಾನಿಕಲ್ ಮತ್ತು ಸಿವಿಲ್ ಮಕ್ಕಳ ಕಥೆ ಬೇರೆ. ಸಾಲಿಡ್‌ವರ್ಕ್ಸ್, ಸಾಲಿಡ್ ಎಡ್ಜ್, ಕಟಿಯಾ, ರೆವಿಟ್ ಇವೆಲ್ಲ ಮೂರು ಆಯಾಮದ ಚಿತ್ರ ಬಿಡಿಸುವ ತಂತ್ರಾಂಶಗಳು. ನೂರಾರು ಬಿಡಿಭಾಗ ಜೋಡಿಸಿದ ಮಾಡೆಲನ್ನು ಪರದೆ ಮೇಲೆ ತಿರುಗಿಸುವಾಗ ಕಾರ್ಡ್ ಇದ್ದರೆ ಸರಾಗ, ಇಲ್ಲದಿದ್ದರೆ ತಡವರಿಕೆ. ಗೇಮ್ ಕೇಳುವುದೂ ಹೆಚ್ಚುಕಡಿಮೆ ಇದೇ ಸಾಮಾನನ್ನು.

ಆದ್ದರಿಂದ ಗೇಮಿಂಗ್ ಲ್ಯಾಪ್‌ಟಾಪೇ ಆಗಲಿ. ಆದರೆ ಯಾವ ಗೇಮಿಂಗ್ ಲ್ಯಾಪ್‌ಟಾಪ್? ಈ ಬೆಲೆಯಲ್ಲಿ ಕಂಪನಿಗಳು ಒಂದು ಕಡೆ ಕೊಟ್ಟು ಇನ್ನೊಂದು ಕಡೆ ಕಿತ್ತುಕೊಂಡೇ ತೀರುತ್ತವೆ. ಎಲ್ಲಿ ಕಿತ್ತುಕೊಂಡಿದ್ದಾರೆ ಅಂತ ಪತ್ತೆ ಹಚ್ಚುವುದೇ ನಮ್ಮ ಕೆಲಸ. ನಾನು ನೋಡುವ ಕ್ರಮ ಇಷ್ಟೇ: ಆಮೇಲೆ ಬದಲಾಯಿಸಲು ಆಗದ್ದಕ್ಕೆ ಈಗಲೇ ದುಡ್ಡು ಹಾಕಿ, ಬದಲಾಯಿಸಬಹುದಾದ್ದನ್ನು ಮುಂದಕ್ಕೆ ಹಾಕಿ. ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್, ಪರದೆ, ಫ್ಯಾನು ಇವು ಮೊದಲ ಪಟ್ಟಿ. ಎಸ್‌ಎಸ್‌ಡಿ (ಫೈಲುಗಳು ಉಳಿಯುವ ಜಾಗ), ರ‍್ಯಾಮ್ (ಕೆಲಸ ನಡೆಯುವಾಗ ಬಳಸುವ ಮೆಮೊರಿ) ಎರಡನೆಯದು. ರ‍್ಯಾಮ್ ವಿಷಯದಲ್ಲಿ ಈಗೊಂದು ತೊಡಕಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಾರ್ಡ್. ನಿಮ್ಮ ಬಜೆಟ್‌ನಲ್ಲಿ ಕಣ್ಣಿಗೆ ಬೀಳುವುದು ಎನ್‌ವಿಡಿಯಾದ ಆರ್‌ಟಿಎಕ್ಸ್ 2050, 3050, ಆಫರ್ ಸಿಕ್ಕಿದರೆ 4050. 2050 ಬೇಡ. ಅದರಲ್ಲಿ ಇರುವುದು 4 ಜಿಬಿ ಮೆಮೊರಿ. ನಾಲ್ಕು ವರ್ಷ ಅದು ಏಗಲಾರದು. 3050ರಲ್ಲಿ ಎರಡು ಬಗೆ ಇವೆ, 4 ಜಿಬಿಯದೊಂದು, 6 ಜಿಬಿಯದೊಂದು. ಸ್ಟಿಕರ್ ನೋಡಿದರೆ ಎರಡೂ 3050. ಮೆಮೊರಿಯಲ್ಲಷ್ಟೇ ವ್ಯತ್ಯಾಸ ಅಂದುಕೊಳ್ಳಬೇಡಿ. 4 ಜಿಬಿಯದರಲ್ಲಿ 2048 ಕೋರ್ (ಲೆಕ್ಕ ಮಾಡುವ ಘಟಕ), 6 ಜಿಬಿಯದರಲ್ಲಿ 2560. 6 ಜಿಬಿ ಅಂತ ಕೇಳಿಯೇ ತಗೊಳ್ಳಿ. ಬಿಲ್‌ನಲ್ಲೂ ಬರೆಸಿ.

ಇನ್ನೊಂದು ಸಂಗತಿಯನ್ನು ಅಂಗಡಿಯವರು ತಾವಾಗಿ ಹೇಳುವುದೇ ಇಲ್ಲ. ಲ್ಯಾಪ್‌ಟಾಪ್ ಕಾರ್ಡ್‌ಗೆ ಎಷ್ಟು ವ್ಯಾಟ್ ಕರೆಂಟ್ ಕೊಡಬೇಕು ಅಂತ ನಿರ್ಧರಿಸುವುದು ಲ್ಯಾಪ್‌ಟಾಪ್ ಮಾಡಿದ ಕಂಪನಿ. 4050 ಕಾರ್ಡ್‌ಗೆ ಎನ್‌ವಿಡಿಯಾ ಹಾಕಿರುವ ಮಿತಿ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ. ತೆಳ್ಳಗೆ, ಚೆಂದಗೆ ಕಾಣುವ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಕೆಳಗಿನ ತುದಿಯಲ್ಲೇ ಕಟ್ಟಿಹಾಕಿರುತ್ತಾರೆ. ತ್ರೀ ಫೇಸ್ ಮೋಟರ್ ತಂದು ವೋಲ್ಟೇಜೇ ಇಲ್ಲದ ಲೈನ್‌ಗೆ ಜೋಡಿಸಿದ ಹಾಗೆ. ಹೆಸರು ದೊಡ್ಡದು, ನೀರು ಮಾತ್ರ ಬರಲ್ಲ. ಕಂಪನಿಯ ವೆಬ್‌ಸೈಟ್‌ನಲ್ಲಿ ಮಾದರಿಯ ಪೂರ್ತಿ ವಿವರ ತೆರೆದರೆ 'ಟಿಜಿಪಿ' ಅಂತ, ಕಾರ್ಡ್‌ಗೆ ಎಷ್ಟು ವ್ಯಾಟ್ ಕೊಟ್ಟಿದ್ದಾರೆ ಅನ್ನುವ ಒಂದು ಅಂಕಿ ಇರುತ್ತದೆ. ಮಗನಿಗೆ ಹೇಳಿ, ಹುಡುಕಿ ಕೊಡುತ್ತಾನೆ. ಗೇಮ್ ಆಡುವ ಹುಡುಗರಿಗೆ ಇದೆಲ್ಲ ನಮಗಿಂತ ಚೆನ್ನಾಗಿ ಗೊತ್ತು. ಆ ಅಂಕಿ ಎಲ್ಲೂ ಬರೆದಿಲ್ಲವಾ? ಹಾಗಾದರೆ ಆ ಮಾದರಿಯನ್ನು ಅನುಮಾನದಿಂದಲೇ ನೋಡಿ.

ಪ್ರೊಸೆಸರ್ ಹೆಸರುಗಳಂತೂ ಗೊಂದಲದ ಗೂಡು. ಇಂಟೆಲ್ ಐ5-12450ಎಚ್, ಐ5-13420ಎಚ್, ಕೋರ್ 5 210ಎಚ್. ಮೂರರಲ್ಲೂ ಇರುವುದು ಎಂಟು ಕೋರ್, ಹನ್ನೆರಡು ಥ್ರೆಡ್ (ಒಟ್ಟಿಗೇ ನಡೆಸಬಲ್ಲ ಕೆಲಸದ ಎಳೆ). ವೇಗದಲ್ಲಿ ಕೂದಲೆಳೆಯ ಅಂತರ. 'ಹೊಸ ಜನರೇಷನ್' ಅಂತ ನಾಲ್ಕೈದು ಸಾವಿರ ಹೆಚ್ಚು ಕೇಳಿದರೆ ಕೊಡಬೇಡಿ, ಆ ದುಡ್ಡನ್ನು ಕಾರ್ಡ್ ಕಡೆ ತಿರುಗಿಸಿ. ಎಎಮ್‌ಡಿಯ ರೈಜನ್ 7000 ಸಾಲಿನಲ್ಲಿ ಮೂರನೇ ಅಂಕಿ ನೋಡಬೇಕು. 7535ಎಚ್‌ಎಸ್‌ನಲ್ಲಿ ಅದು 3, ಪರವಾಗಿಲ್ಲ. 7520ಯು ಅಂದರೆ 2, ಅಂದರೆ 2019ರ ಕಾಲದ ವಿನ್ಯಾಸ, ನಾಲ್ಕೇ ಕೋರ್. ಮೊದಲಂಕಿ 7 ಇದೆ ಅಂತ ಮೋಸಹೋಗುವವರು ಬಹಳ. ಕೊನೆಯ ಅಕ್ಷರ ಎಚ್ ಅಥವಾ ಎಚ್‌ಎಸ್ ಇರಲಿ. ಯು ಅಂತಿದ್ದರೆ ಅದು ಬ್ಯಾಟರಿ ಉಳಿಸುವ ಜಾತಿ, ಈ ಕೆಲಸಕ್ಕೆ ಆಗಲ್ಲ.

ಈಗ ರ‍್ಯಾಮ್. ಮೊದಲೆಲ್ಲ ನಾನು '8 ಜಿಬಿಯದ್ದು ತಗೊಳ್ಳಿ, ಆಮೇಲೆ ಇನ್ನೊಂದು 8 ಹಾಕಿಸಿ' ಅನ್ನುತ್ತಿದ್ದೆ. 2025ರ ಕೊನೆಯಿಂದ ಮೆಮೊರಿ ಬೆಲೆ ಜಗತ್ತಿನಾದ್ಯಂತ ಏರಿದೆ. ಎಐ ಸರ್ವರ್‌ಗಳಿಗೆ ಬೇಡಿಕೆ ಜಾಸ್ತಿಯಾಗಿ, ತಯಾರಕರು ಅತ್ತ ತಿರುಗಿದ್ದಾರೆ. ಹಾಗಾಗಿ ಲೆಕ್ಕ ಹಾಕಿ ನೋಡಿ. ಒಂದೇ ಲ್ಯಾಪ್‌ಟಾಪ್ 8 ಜಿಬಿಯಲ್ಲೂ 16 ಜಿಬಿಯಲ್ಲೂ ಸಿಗುತ್ತಿದ್ದರೆ, ಎರಡರ ಬೆಲೆಯ ಅಂತರವನ್ನು ಬಿಡಿ ರ‍್ಯಾಮ್‌ನ ಬೆಲೆಯೊಂದಿಗೆ ಹೋಲಿಸಿ. ಈಗ ಎಷ್ಟೋ ಸಲ 16 ಜಿಬಿಯನ್ನೇ ನೇರವಾಗಿ ಕೊಳ್ಳುವುದು ಲಾಭ. 8ರಲ್ಲೇ ನಾಲ್ಕು ವರ್ಷ ಕಳೆಯುವ ಯೋಚನೆ ಮಾತ್ರ ಬೇಡ. ವಿಂಡೋಸ್, ಬ್ರೌಸರ್, ಸಾಲಿಡ್ ಎಡ್ಜ್ ಮೂರೂ ತೆರೆದರೆ ಅಲ್ಲಿಗೇ ಮುಗೀತು. ಅಂಗಡಿಯಲ್ಲಿ ಕೇಳಲೇಬೇಕಾದ್ದು: ರ‍್ಯಾಮ್ ಬೋರ್ಡ್‌ಗೇ ಬೆಸುಗೆ ಹಾಕಿದ್ದಾ, ಇಲ್ಲ ಸ್ಲಾಟ್ ಇದೆಯಾ? ಒಟ್ಟು ಎಷ್ಟು ಸ್ಲಾಟ್, ಎಷ್ಟು ಖಾಲಿ? ಒಂದು 16ಕ್ಕಿಂತ ಎರಡು 8 ಹಾಕಿದ್ದರೆ ಗೇಮ್ ಚೆನ್ನಾಗಿ ಓಡುತ್ತದೆ.

'ಓದಿಗೆ 32 ಜಿಬಿ ಬೇಕು' ಅಂತ ಸೀನಿಯರ್‌ಗಳು ಹೆದರಿಸಬಹುದು. ಸುಮ್ನೆ ಕೇಳಿಸಿಕೊಂಡು ಬಿಟ್ಟುಬಿಡಿ. ಬಿಡಿಭಾಗ ಎಷ್ಟು ಒತ್ತಡ ತಡೆಯುತ್ತದೆ ಅಂತ ಲೆಕ್ಕ ಹಾಕುವ ಆನ್ಸಿಸ್ ತಂತ್ರಾಂಶದ ಉಚಿತ ಸ್ಟೂಡೆಂಟ್ ಆವೃತ್ತಿಯನ್ನೇ ನೋಡಿ, ಸ್ಟ್ರಕ್ಚರಲ್ ಲೆಕ್ಕಗಳಿಗೆ ಅವರೇ 1,28,000 ನೋಡ್‌ಗಳ (ಲೆಕ್ಕಕ್ಕೆಂದು ಮಾಡೆಲ್ ಮೇಲೆ ಗುರುತಿಸುವ ಬಿಂದುಗಳ) ಮಿತಿ ಹಾಕಿದ್ದಾರೆ. ಅಷ್ಟಕ್ಕೆ 16 ಜಿಬಿ ಸಾಕು. ತಂತ್ರಾಂಶಕ್ಕೆ ದುಡ್ಡು ಎತ್ತಿಡುವ ಅಗತ್ಯವೂ ಇಲ್ಲ. ಆಟೋಡೆಸ್ಕ್‌ನವರು ಆಟೋಕ್ಯಾಡ್, ಇನ್ವೆಂಟರ್, ಫ್ಯೂಷನ್ ಎಲ್ಲವನ್ನೂ ವಿದ್ಯಾರ್ಥಿಗಳಿಗೆ ಪುಕ್ಕಟೆ ಕೊಡುತ್ತಾರೆ, ವರ್ಷಕ್ಕೊಮ್ಮೆ ನವೀಕರಿಸಬೇಕು ಅಷ್ಟೇ. ಸಾಲಿಡ್ ಎಡ್ಜ್‌ಗೂ ವಿದ್ಯಾರ್ಥಿ ಆವೃತ್ತಿ ಇದೆ. ಗೆಳೆಯರ ಪೆನ್‌ಡ್ರೈವ್‌ನಲ್ಲಿ ಬರುವ ಕ್ರ್ಯಾಕ್ ಕಾಪಿ ಹಾಕಿಕೊಂಡರೆ ವೈರಸ್ಸೂ ಜೊತೆಗೇ ಬರುತ್ತದೆ.

ಪರದೆಯನ್ನು ಯಾರೂ ನೋಡುವುದಿಲ್ಲ, ನಾಲ್ಕು ವರ್ಷ ನೋಡಬೇಕಾದ್ದು ಅದನ್ನೇ! '144 ಹರ್ಟ್ಜ್' (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ಪರದೆ) ಅಂತ ದೊಡ್ಡದಾಗಿ ಬರೆದು, ಕೆಳಗೆ ಸಣ್ಣಕ್ಷರದಲ್ಲಿ '45 ಪರ್ಸೆಂಟ್ ಎನ್‌ಟಿಎಸ್‌ಸಿ, 250 ನಿಟ್ಸ್' ಅಂತ ಇರುತ್ತದೆ. ಅಂದರೆ ಬಣ್ಣ ಸಪ್ಪೆ, ಬೆಳಕು ಕಮ್ಮಿ. ಕಿಟಕಿ ಪಕ್ಕ ಕೂತರೆ ಮುಖವೇ ಕಾಣುತ್ತದೆ. 300 ನಿಟ್ಸ್, 100 ಪರ್ಸೆಂಟ್ ಎಸ್‌ಆರ್‌ಜಿಬಿ ಸಿಕ್ಕರೆ ಸಂತೋಷ. ಈ ಬೆಲೆಗೆ ಯಾವಾಗಲೂ ಸಿಗಲ್ಲ. ಕಾರ್ಡ್ ಮತ್ತು ಪರದೆಯಲ್ಲಿ ಒಂದನ್ನೇ ಆರಿಸಬೇಕಾದರೆ ಮೆಕ್ಯಾನಿಕಲ್ ಹುಡುಗನಿಗೆ ನನ್ನ ಓಟು ಕಾರ್ಡ್‌ಗೆ.

ಕಲಬುರಗಿ ಅಂದಿರಿ, ಅದಕ್ಕೇ ಫ್ಯಾನಿನ ಮಾತು. ಬೇಸಿಗೆಯಲ್ಲಿ ಅಲ್ಲಿ ನಲವತ್ತು ಡಿಗ್ರಿ ದಾಟುತ್ತದೆ. ಲ್ಯಾಪ್‌ಟಾಪ್ ಒಳಗೆ ಎಳೆದುಕೊಳ್ಳುವುದೂ ಅದೇ ಬಿಸಿಗಾಳಿ. ಶಾಖ ಮಿತಿ ಮೀರಿದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಎರಡು ಫ್ಯಾನ್, ಹಿಂಬದಿಯಲ್ಲೂ ಪಕ್ಕದಲ್ಲೂ ಗಾಳಿಕಿಂಡಿ ಇರುವ, ಸ್ವಲ್ಪ ದಪ್ಪವೇ ಆದ ಮಾದರಿ ತಗೊಳ್ಳಿ. ತೂಕ 2.3 ಕೆಜಿ ಆಸುಪಾಸು ಇರುತ್ತದೆ, ಚಾರ್ಜರ್ ಬೇರೆ. ದಿನಾ ಕ್ಲಾಸಿಗೆ ಹೊತ್ತುಕೊಂಡು ಹೋಗುವ ಸಾಮಾನಲ್ಲ ಅದು, ಮಗನಿಗೆ ಈಗಲೇ ಹೇಳಿಬಿಡಿ. ಹಾಸಿಗೆ ಮೇಲೆ, ದಿಂಬಿನ ಮೇಲೆ ಇಟ್ಟುಕೊಂಡು ಆಡಬಾರದು, ಗಾಳಿಕಿಂಡಿ ಮುಚ್ಚುತ್ತದೆ. ವರ್ಷಕ್ಕೊಮ್ಮೆ ಧೂಳು ತೆಗೆಸಿ.

ಕಂಪನಿ ಹೆಸರು ಕೇಳಿದ್ದೀರಿ. ಏಸರ್, ಆಸುಸ್, ಎಚ್‌ಪಿ, ಲೆನೊವೊ, ಎಮ್‌ಎಸ್‌ಐ ಎಲ್ಲರ ಬಳಿಯೂ ಈ ಬೆಲೆಯ ಮಾದರಿ ಇವೆ, ಎಲ್ಲರ ಬಳಿಯೂ ಒಳ್ಳೆಯದು ಕೆಟ್ಟದ್ದು ಎರಡೂ ಇವೆ. ಕಲಬುರಗಿಯಲ್ಲಿ ಯಾರ ಸರ್ವೀಸ್ ಸೆಂಟರ್ ಇದೆ, ಮನೆಗೇ ಬಂದು ರಿಪೇರಿ ಮಾಡುವ ವಾರಂಟಿ ಯಾರು ಕೊಡುತ್ತಾರೆ ಅಂತ ವಿಚಾರಿಸಿ ಅದರ ಮೇಲೆ ನಿರ್ಧರಿಸಿ. ಮಿಕ್ಕ ಐದು ಸಾವಿರ ಇದೆಯಲ್ಲ, ಅದನ್ನು ಎರಡನೇ, ಮೂರನೇ ವರ್ಷದ ವಾರಂಟಿಗೆ ಹಾಕಿ. ನಾಲ್ಕು ವರ್ಷ ಬಾಳಬೇಕು ಅಂತೀರಲ್ಲ, ಒಂದು ವರ್ಷದ ವಾರಂಟಿ ನಂಬಿ ಕೂರುವುದು ಬೇಡ.

ಅವಸರವೂ ಬೇಡ. ಮೊದಲ ಸೆಮಿಸ್ಟರ್‌ಗೆ ಕಾಲೇಜಿನ ಲ್ಯಾಬ್ ಸಾಕಾಗುತ್ತದೆ. ದಸರಾ, ದೀಪಾವಳಿ ಹೊತ್ತಿಗೆ ಆನ್‌ಲೈನ್‌ನಲ್ಲಿ ದರ ಇಳಿಯುತ್ತದೆ, ಬ್ಯಾಂಕ್ ಕಾರ್ಡ್‌ನ ರಿಯಾಯಿತಿಯೂ ಸೇರುತ್ತದೆ. ನಿಮ್ಮ ಬಜೆಟ್‌ಗೆ 4050 ಕೈಗೆಟುಕುವುದು ಏನಿದ್ದರೂ ಆಗಲೇ. ಸಿಗದಿದ್ದರೆ 3050ರ 6 ಜಿಬಿಗೆ ಕಣ್ಣುಮುಚ್ಚಿ ಹೋಗಿ.

ಪ್ರಶ್ನೆ: ನಾನು ಕಂಪ್ಯೂಟರ್ ಸೈನ್ಸ್ ಎರಡನೇ ವರ್ಷ. ಮನೆಯಲ್ಲಿ 30,000ಕ್ಕಿಂತ ಜಾಸ್ತಿ ಕೇಳೋಕಾಗಲ್ಲ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸೆಕೆಂಡ್‌ಹ್ಯಾಂಡ್ ತಗೋಬಹುದಾ? ಕೋಡಿಂಗ್ ಮತ್ತು ಆಗಾಗ ವ್ಯಾಲೊರಂಟ್, ಅಷ್ಟೇ.
— ವಿದ್ಯಾರ್ಥಿನಿ, ತುಮಕೂರು

ಉತ್ತರ: ಧಾರಾಳವಾಗಿ ತಗೋಬಹುದು. ಈ ದುಡ್ಡಿಗೆ ಹೊಸದಾಗಿ ಸಿಗುವ ಲ್ಯಾಪ್‌ಟಾಪ್‌ಗಿಂತ, ಐಟಿ ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಎಷ್ಟೋ ಗಟ್ಟಿ. ಕೀಬೋರ್ಡ್ ಅಂತೂ ಹೋಲಿಕೆಯೇ ಇಲ್ಲ.

ಇಂಟೆಲ್ ಆದರೆ ಎಂಟನೇ ಜನರೇಷನ್‌ಗಿಂತ ಹಳೆಯದು ಬೇಡ. ಅದಕ್ಕಿಂತ ಕೆಳಗಿನವಕ್ಕೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ, ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತುಹೋಯಿತು. ಸಾಧ್ಯವಾದರೆ ಹನ್ನೊಂದನೇ ಜನರೇಷನ್‌ನ ಐ5 ಹುಡುಕಿ. ಅದರ ಜೊತೆಗಿರುವ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್‌ನಲ್ಲಿ ವ್ಯಾಲೊರಂಟ್ ಆರಾಮಾಗಿ ಓಡುತ್ತದೆ, ಎರಡು ರ‍್ಯಾಮ್ ಹಾಕಿದ್ದರೆ ಇನ್ನೂ ಚೆನ್ನ. ಆದರೆ ವಿಂಡೋಸ್ 11ರಲ್ಲಿ ಆ ಗೇಮ್‌ಗೆ ಸೆಕ್ಯೂರ್ ಬೂಟ್ ಮತ್ತು ಟಿಪಿಎಮ್ 2.0 ಎಂಬ ಎರಡು ಭದ್ರತಾ ಸೌಲಭ್ಯಗಳು ಆನ್ ಇರಲೇಬೇಕು. ಲಿನಕ್ಸ್ ಹಾಕಿಕೊಂಡರೆ ಗೇಮ್ ಓಡುವುದೇ ಇಲ್ಲ.

ಅಂಗಡಿಯಲ್ಲೇ ಮಾಡಬೇಕಾದ ಮುಖ್ಯ ಪರೀಕ್ಷೆ ಬೇರೆ ಇದೆ. ಕಂಪನಿಯಿಂದ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಕೆಲವು ಇನ್ನೂ ಆ ಕಂಪನಿಯ ಹೆಸರಿಗೇ ನೋಂದಣಿ ಆಗಿರುತ್ತವೆ. ಮಾಮೂಲಾಗಿ ಬಳಸುವಾಗ ಏನೂ ಗೊತ್ತಾಗಲ್ಲ. ನೀವು ಒಂದು ದಿನ ವಿಂಡೋಸ್ ಹೊಸದಾಗಿ ಹಾಕಿದಾಗ 'ನಿಮ್ಮ ಕಚೇರಿಯ ಇಮೇಲ್‌ನಿಂದ ಲಾಗಿನ್ ಆಗಿ' ಅಂತ ಕೂತುಬಿಡುತ್ತದೆ. ಅದಕ್ಕೇ ನಿಮ್ಮ ಎದುರಿಗೇ ರೀಸೆಟ್ ಮಾಡಿಸಿ, ವೈಫೈಗೆ ಜೋಡಿಸಿ, ಕೊನೇವರೆಗೂ ನೋಡಿ. ಅರ್ಧ ಗಂಟೆ ಹೋದರೂ ಚಿಂತೆಯಿಲ್ಲ. 'ಆಮೇಲೆ ಮಾಡ್ಕೊಡ್ತೀನಿ ಮೇಡಂ' ಅಂದರೆ ಪಕ್ಕದ ಅಂಗಡಿಗೆ ನಡೆಯಿರಿ. ಬಯೋಸ್‌ಗೆ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟಿಂಗ್‌ಗೆ) ಪಾಸ್‌ವರ್ಡ್ ಇಲ್ಲ ಅನ್ನುವುದನ್ನೂ ಖಚಿತ ಮಾಡಿಕೊಳ್ಳಿ. ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯಬಹುದು. ಹೊಸದಿದ್ದಾಗ ಎಷ್ಟು ಹಿಡಿಸುತ್ತಿತ್ತು, ಈಗ ಎಷ್ಟು ಅಂತ ಎರಡೂ ಅದರಲ್ಲಿ ಬರುತ್ತವೆ. ಅರ್ಧಕ್ಕಿಳಿದಿದ್ದರೆ ಹೊಸ ಬ್ಯಾಟರಿ ಹಾಕಿಸಿಕೊಡಿ ಅನ್ನಿ, ಇಲ್ಲವೇ ಆ ದುಡ್ಡು ಬೆಲೆಯಲ್ಲಿ ಕಡಿಯಿರಿ. ಜಿಎಸ್‌ಟಿ ಬಿಲ್ ಬಿಡಬೇಡಿ, ಸೀರಿಯಲ್ ನಂಬರ್ ಅದರಲ್ಲಿ ಇರಲಿ.

ಪ್ರಶ್ನೆ: ಚಾರ್ಜರ್ ಹಾಕಿಕೊಂಡೇ ಗೇಮ್ ಆಡಿದರೆ ಬ್ಯಾಟರಿ ಹಾಳಾಗುತ್ತಾ? ಅಮ್ಮ ಬೈತಾರೆ.
— ಪಿಯುಸಿ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಹಾಕಿಕೊಂಡೇ ಆಡಬೇಕು. ಬ್ಯಾಟರಿ ಮೇಲೆ ಓಡುವಾಗ ಗ್ರಾಫಿಕ್ಸ್ ಕಾರ್ಡ್‌ಗೆ ಸಿಗುವ ಕರೆಂಟ್ ಕಮ್ಮಿ, ಗೇಮ್ ತೊದಲುತ್ತದೆ. ಬ್ಯಾಟರಿಯ ನಿಜವಾದ ಶತ್ರು ಶಾಖ, ಜೊತೆಗೆ ಸದಾ 100ರಲ್ಲೇ ತುಂಬಿರುವುದು. ಬಹುತೇಕ ಕಂಪನಿಗಳ ಆ್ಯಪ್‌ನಲ್ಲಿ ಚಾರ್ಜನ್ನು 80ಕ್ಕೆ ನಿಲ್ಲಿಸುವ ಆಯ್ಕೆ ಇದೆ, ಅದನ್ನು ಆನ್ ಮಾಡಿ. ಅಮ್ಮನಿಗೆ ಬೈಯಲು ಬೇರೆ ಕಾರಣ ಇರಬಹುದು, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ಒಂದು ಗಮನದಲ್ಲಿರಲಿ. ಟಚ್‌ಪ್ಯಾಡ್ ಎದ್ದು ಬಂದಂತೆ ಕಂಡರೆ ಅಥವಾ ಲ್ಯಾಪ್‌ಟಾಪ್ ಮೇಜಿನ ಮೇಲೆ ಸಮ ಕೂರದೆ ಅಲ್ಲಾಡಿದರೆ ಬ್ಯಾಟರಿ ಉಬ್ಬಿರಬಹುದು. ತಕ್ಷಣ ಆಫ್ ಮಾಡಿ, ಚಾರ್ಜರ್ ತೆಗೆಯಿರಿ. ಒತ್ತಿ ನೋಡುವುದು, ಚುಚ್ಚಿ ನೋಡುವುದು ಬೇಡ. ಹಾಗೇ ಸರ್ವೀಸ್ ಸೆಂಟರ್‌ಗೆ ಒಯ್ಯಿರಿ.