ಕರೆಂಟ್ ಬಂದರೂ ಪ್ರಿಂಟರ್ ಆಫ್‌ಲೈನ್

ಪ್ರಶ್ನೆ: ಕರೆಂಟ್ ಹೋಗಿ ಬಂದಾಗಲೆಲ್ಲ ವೈಫೈ ಪ್ರಿಂಟರ್ ‘ಆಫ್‌ಲೈನ್’ ಎನ್ನುತ್ತದೆ. ಮೊಬೈಲಿಗೆ ವೈಫೈ ಸರಿಯಾಗೇ ಸಿಗುತ್ತದೆ. ಏನು ಮಾಡಲಿ?
— ಓದುಗರು, ಗಂಗಾವತಿ

ಉತ್ತರ: ಪ್ರಿಂಟರ್ ಕೆಟ್ಟಿರುವುದು ಅಪರೂಪ, ಗಾಬರಿ ಬೇಡ. ರೂಟರ್ ಮತ್ತೆ ಚಾಲೂ ಆದಾಗ ಪ್ರಿಂಟರಿಗೆ ಬೇರೆ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಕೊಟ್ಟಿರಬಹುದು, ಕಂಪ್ಯೂಟರ್ ಹಳೆಯದನ್ನೇ ಹುಡುಕುತ್ತಿರುತ್ತದೆ. ಪ್ರಿಂಟರಿನ ಮೆನುವಿನಿಂದ ನೆಟ್‌ವರ್ಕ್ ವಿವರದ ಪುಟ ಮುದ್ರಿಸಿ. ವಿಳಾಸ 169.254ರಿಂದ ಶುರುವಾಗಿದ್ದರೆ ರೂಟರ್ ಪ್ರಿಂಟರಿಗೆ ವಿಳಾಸವನ್ನೇ ಕೊಟ್ಟಿಲ್ಲ. ರೂಟರ್ ಪೂರ್ತಿ ಚಾಲೂ ಆದ ಮೇಲೆ ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ. 192.168 ಎಂದಿದ್ದರೆ, ಅದೇ ಪುಟದ ಮ್ಯಾಕ್ ವಿಳಾಸವನ್ನು (ಪ್ರಿಂಟರಿನ ಸ್ವಂತ ಗುರುತಿನ ಸಂಖ್ಯೆ) ರೂಟರಿನ ಡಿಎಚ್‌ಸಿಪಿ (ಐಪಿ ವಿಳಾಸ ಹಂಚುವ) ಸೆಟ್ಟಿಂಗ್‌ನಲ್ಲಿ ‘ಅಡ್ರೆಸ್ ರಿಸರ್ವೇಶನ್’ಗೆ ಸೇರಿಸಿ, ಆಗ ಪ್ರಿಂಟರಿಗೆ ಪ್ರತಿಸಲ ಅದೇ ಐಪಿ ವಿಳಾಸ ಸಿಗುತ್ತದೆ. ಶಾಶ್ವತ ಪರಿಹಾರ ಇದೇ. ಬಳಿಕ ವಿಂಡೋಸ್‌ನಲ್ಲಿ ಹಳೆಯ ಪ್ರಿಂಟರ್ ತೆಗೆದು, ಟಿಸಿಪಿ/ಐಪಿ ಆಯ್ಕೆಯಲ್ಲಿ ಆ ಐಪಿ ವಿಳಾಸ ಕೊಟ್ಟು ಮತ್ತೆ ಸೇರಿಸಿ. ಮೊಬೈಲಿಗೆ ಸಿಗ್ನಲ್ ಇದ್ದರೆ ಪ್ರಿಂಟರಿಗೂ ಇದೆಯೆಂದು ನಂಬಬೇಡಿ: ಮೊಬೈಲ್ ವೈಫೈನ 5 ಗಿಗಾಹರ್ಟ್ಸ್ ತರಂಗದಲ್ಲಿರಬಹುದು, ಎಷ್ಟೋ ಮನೆಬಳಕೆಯ ಪ್ರಿಂಟರುಗಳು 2.4 ಮಾತ್ರ ಹಿಡಿಯುತ್ತವೆ.